ಹಳೆಯ ಗಿಟಾರ್ ಮಾರುವವರು ಮರದ ಸತ್ಯವನ್ನೂ ಹೇಳಲಿ

ಅಮೆರಿಕದಲ್ಲಿ 1960ರ ದಶಕದಲ್ಲಿ ತಯಾರಾದ ಹನ್ನೆರಡು ತಂತಿಯ ಗಿಟಾರ್‌ಗಳು ಇಂದು ಅಂತರ್ಜಾಲದ ಮಾರುಕಟ್ಟೆಯಲ್ಲಿ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗುತ್ತಿವೆ. ಮಾರುವವರು ತಯಾರಕರ ಹೆಸರು, ವರ್ಷ, ನಾದದ ಗುಣ ಎಲ್ಲವನ್ನೂ ವರ್ಣಿಸುತ್ತಾರೆ. ಆದರೆ ಇಂತಹ ವಾದ್ಯದ ಬೆಲೆಯನ್ನು ಬಹುವಾಗಿ ಏರಿಸುವ ಮಾತು ಒಂದಿದೆ: ಅದರ ಹಿಂಬದಿಯ ಹಲಗೆ ಬ್ರೆಜಿಲ್ ದೇಶದ ರೋಸ್‌ವುಡ್‌ನದು ಎಂಬುದು. ಈ ಮಾತನ್ನು ಆಧಾರವಿಲ್ಲದೆ ಹೇಳುವುದೂ ತಪ್ಪು, ಗೊತ್ತಿದ್ದೂ ಮುಚ್ಚಿಡುವುದೂ ತಪ್ಪು ಎಂಬುದು ನನ್ನ ಅಭಿಪ್ರಾಯ. ದೂರದೇಶದ ವಾದ್ಯದ ವ್ಯಾಪಾರ ಮಲೆನಾಡಿನ ನಮಗೇಕೆ ಎಂದು ಯಾರಾದರೂ ಕೇಳಬಹುದು. ಬ್ರೆಜಿಲ್‌ನ ಮರ ವಿರಳವಾದಾಗ ಅದರ ಸ್ಥಾನಕ್ಕೆ ಹೋದದ್ದು ನಮ್ಮ ಬೀಟೆಯೇ ಎಂಬುದು ಅದಕ್ಕೆ ಉತ್ತರ.

ಈ ವಾದ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಾಮಾನ್ಯ ಗಿಟಾರ್‌ಗೆ ಆರು ತಂತಿಗಳು. ಇದಕ್ಕೆ ಆರು ಜೋಡಿಗಳು. ಕೆಳಸ್ವರದ ನಾಲ್ಕು ಜೋಡಿಗಳಲ್ಲಿ ಒಂದು ತಂತಿಗಿಂತ ಇನ್ನೊಂದು ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಉಳಿದ ಎರಡು ಜೋಡಿಗಳು ಸಮಸ್ವರದವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲೆಡ್ ಬೆಲ್ಲಿ ಎಂಬ ಕರಿಯ ಜನಪದ ಗಾಯಕರು ಅಗ್ಗದ ‘ಸ್ಟೆಲ್ಲಾ’ ಗಿಟಾರ್‌ನಲ್ಲಿ ಈ ತುಂಬುನಾದವನ್ನು ಪ್ರಸಿದ್ಧಗೊಳಿಸಿದರು. 1960ರ ದಶಕದಲ್ಲಿ ಜನಪದ ಗೀತೆಗಳ ಒಲವು ಅಲ್ಲಿ ಮತ್ತೆ ಚಿಗುರಿದಾಗ ದೊಡ್ಡ ತಯಾರಕರೂ ಇದರತ್ತ ತಿರುಗಿದರು.

ಪೆನ್ಸಿಲ್ವೇನಿಯಾದ ಮಾರ್ಟಿನ್ ಸಂಸ್ಥೆಯ ಕಥೆ ಇಲ್ಲಿ ಬೋಧಪ್ರದವಾಗಿದೆ. ಅದರ ಉತ್ತಮ ದರ್ಜೆಯ ಗಿಟಾರ್‌ಗಳಿಗೆ ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿ ಕಾಡಿನ ರೋಸ್‌ವುಡ್ ಬಳಕೆಯಾಗುತ್ತಿತ್ತು. ಅಗಲವಾದ ಹಲಗೆಗಳು ದೊರೆಯುವುದು ಕಷ್ಟವಾದಾಗ, 1965ರಲ್ಲಿ ಮೂರು ಕಿರಿದಾದ ತುಂಡುಗಳನ್ನು ಜೋಡಿಸಿದ ಬೆನ್ನಿನ ಡಿ-35 ಮಾದರಿ ಬಂದಿತು. ಅದೇ ವರ್ಷ ಹನ್ನೆರಡು ತಂತಿಯ ಡಿ12-35 ಕೂಡ ಬಂದಿತು. ಇಂದು ಸೊಬಗೆಂದು ಮೆಚ್ಚುವ ಆ ಮೂರು ತುಂಡುಗಳ ಬೆನ್ನು ಕಾಡಿನ ಕೊರತೆಯಿಂದ ಹುಟ್ಟಿದ ವಿನ್ಯಾಸ. ಬ್ರೆಜಿಲ್ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಬಳಿಕ, 1969ರ ಕೊನೆಯ ಹೊತ್ತಿಗೆ, ಸಂಸ್ಥೆಯು ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದೇ ಬೀಟೆ: ನಮ್ಮ ಘಟ್ಟದ ಕಾಡುಗಳಲ್ಲೂ ಕಾಫಿ ತೋಟಗಳ ನೆರಳಿನಲ್ಲೂ ನಿಲ್ಲುವ ಮರ. ಹೀಗಾಗಿ ಒಂದೇ ಹೆಸರಿನ 1968ರ ವಾದ್ಯಕ್ಕೂ 1971ರ ವಾದ್ಯಕ್ಕೂ ಎರಡು ಖಂಡಗಳ ಅಂತರವಿದೆ.

ಕಾನೂನೂ ಈ ಅಂತರವನ್ನು ಗುರುತಿಸುತ್ತದೆ. ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವು 1992ರಲ್ಲಿ ಬ್ರೆಜಿಲ್ ರೋಸ್‌ವುಡ್ಡನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ಆ ಮರದ ವಾದ್ಯವನ್ನು ಮಾರಿ ಗಡಿ ದಾಟಿಸಬೇಕಾದರೆ, ಅದು 1992ಕ್ಕಿಂತ ಹಿಂದಿನದೆಂಬ ಅಧಿಕೃತ ಪ್ರಮಾಣಪತ್ರ ಬೇಕು. 2017ರ ಜನವರಿಯಿಂದ ಬೀಟೆಯನ್ನೂ ಒಳಗೊಂಡಂತೆ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳು ಎರಡನೆಯ ಅನುಬಂಧಕ್ಕೆ ಬಂದವು. ಆಗ ಸಿದ್ಧ ವಾದ್ಯಗಳ ವ್ಯಾಪಾರಕ್ಕೂ ಪರವಾನಗಿ ಬೇಕಾಗಿ ತಯಾರಕರೂ ಮಾರುವವರೂ ತೊಂದರೆಪಟ್ಟರು. 2019ರ ನವೆಂಬರ್‌ನಿಂದ ಬೀಟೆಯ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲ್ ಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.

ಆದ್ದರಿಂದ ಮಾರುವವರ ಮುಂದೆ ಎರಡು ಆಮಿಷಗಳಿವೆ. ಬೆಲೆ ಹೆಚ್ಚಿಸಬೇಕೆಂದರೆ ಬೀಟೆಯನ್ನು ಬ್ರೆಜಿಲ್ ಮರವೆನ್ನುವುದು. ಪ್ರಮಾಣಪತ್ರದ ಗೋಜು ಬೇಡವೆಂದರೆ ಬ್ರೆಜಿಲ್ ಮರವನ್ನು ಬರಿಯ ‘ರೋಸ್‌ವುಡ್’ ಎಂದು ತೇಲಿಸಿಬಿಡುವುದು. ಚಿತ್ರವನ್ನಷ್ಟೇ ನೋಡಿ ಈ ಎರಡು ಮರಗಳನ್ನು ಖಚಿತವಾಗಿ ಬೇರ್ಪಡಿಸುವುದು ಅನುಭವಿಗಳಿಗೂ ಕಠಿಣ. ಅಂತರ್ಜಾಲದಲ್ಲಿ ಕೊಳ್ಳುವವರಿಗೆ ಕಾಣುವುದು ಚಿತ್ರವಷ್ಟೇ. ಹೀಗಿರುವಾಗ ಮಾರುವವರ ಮಾತೇ ಸಾಕ್ಷ್ಯವಾಗುತ್ತದೆ.

ಇಷ್ಟೊಂದು ಬೆಲೆ ತೆರುವುದು ನಾದಕ್ಕಾಗಿಯೇ? ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ತೆರನಾದ ಆರು ಗಿಟಾರ್‌ಗಳನ್ನು, ಮರ ಯಾವುದೆಂದು ಕಾಣದಂತೆ, 52 ವಾದಕರಿಗೆ ಕೊಡಲಾಯಿತು. ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್ ಈ ಎಲ್ಲಕ್ಕೂ ಅವರು ಹೆಚ್ಚುಕಡಿಮೆ ಸಮಾನ ಅಂಕಗಳನ್ನೇ ಕೊಟ್ಟರು. ಅಂದರೆ ದುಬಾರಿ ಬೆಲೆಯ ಬಹುಭಾಗ ಸಲ್ಲುವುದು ಮರದ ವಿರಳತೆಗೆ. ಕಾಡು ಬರಿದಾದಷ್ಟೂ ಹಲಗೆಗೆ ಬೆಲೆ ಏರುವುದು ಹೆಮ್ಮೆಪಡುವ ಸಂಗತಿಯಲ್ಲ.

ಒಮ್ಮೆ ಕಡಿದ ಮರ ಮತ್ತೆ ನಿಲ್ಲದು, ಐವತ್ತು ವರ್ಷ ಹಳೆಯ ವಾದ್ಯ ಮಾರಿದರೆ ಕಾಡಿಗೇನು ನಷ್ಟ ಎಂಬ ಆಕ್ಷೇಪಣೆ ಬರಬಹುದು. ಇದರಲ್ಲಿ ಸತ್ಯಾಂಶವಿದೆ. ಹಳೆಯ ಗಿಟಾರ್ ಇನ್ನೊಬ್ಬರ ಕೈಯಲ್ಲಿ ನುಡಿಯುತ್ತ ಉಳಿಯುವುದು ಹೊಸದೊಂದು ಮರ ಉರುಳುವುದಕ್ಕಿಂತ ಎಷ್ಟೋ ಮೇಲು. ಹಾಗಾಗಿಯೇ ಇಂತಹ ಮಾರಾಟವನ್ನು ನಾನು ವಿರೋಧಿಸುವುದಿಲ್ಲ. ಆದರೆ ಹಳೆಯ ಮರದ ದಾಖಲೆ ಸಡಿಲವಾದರೆ, ಹೊಸದಾಗಿ ಕದ್ದು ಕಡಿದ ಮರವೂ ‘ಹಳೆಯ ದಾಸ್ತಾನು’ ಎಂಬ ಹೆಸರಿನಲ್ಲಿ ಅದೇ ಬಾಗಿಲಿನಿಂದ ಒಳಬರುತ್ತದೆ.

ಪ್ರಾಮಾಣಿಕ ಮಾರಾಟವೇನೂ ಕಷ್ಟದ್ದಲ್ಲ. ಮಾರ್ಟಿನ್ ಗಿಟಾರ್‌ನ ಒಳಗೆ, ಕತ್ತಿನ ಬುಡದ ಮರದ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅದರಿಂದ ತಯಾರಾದ ವರ್ಷ ತಿಳಿಯುತ್ತದೆ. ಅದರ ಚಿತ್ರ, ಹಳೆಯ ರಸೀದಿ, ನುರಿತ ದುರಸ್ತಿಗಾರರ ಲಿಖಿತ ಅಭಿಪ್ರಾಯ ಇವಿಷ್ಟನ್ನು ಮಾಹಿತಿಯೊಡನೆ ಕೊಡಬಹುದು. ವಾದ್ಯದ ಆರೋಗ್ಯವನ್ನೂ ಮರೆಮಾಚಬಾರದು. ಹನ್ನೆರಡು ತಂತಿಗಳು ಒಟ್ಟಾಗಿ 100 ಕಿಲೋಗ್ರಾಂಗೂ ಮೀರಿದ ಸೆಳೆತವನ್ನು ಹೇರುತ್ತವೆ. ದಶಕಗಳ ಕಾಲ ಅದನ್ನು ತಡೆದ ವಾದ್ಯದಲ್ಲಿ ಮೇಲ್ಹಲಗೆ ಉಬ್ಬಿರಬಹುದು, ತಂತಿ ಕಟ್ಟುವ ಸೇತುವೆ ಏಳುತ್ತಿರಬಹುದು, ಕತ್ತು ಮುಂಬಾಗಿರಬಹುದು. ಇವೆಲ್ಲ ದುರಸ್ತಿಯಾಗಬಲ್ಲವು, ಆದರೆ ಅದರ ವೆಚ್ಚ ಕೊಳ್ಳುವವರಿಗೆ ಮೊದಲೇ ತಿಳಿದಿರಬೇಕು. ಕಳುಹಿಸುವಾಗ ತಂತಿಗಳನ್ನು ಸಡಿಲಿಸಿ, ಕತ್ತಿಗೆ ಆಸರೆ ಕೊಟ್ಟು, ಗಟ್ಟಿ ಪೆಟ್ಟಿಗೆಯಲ್ಲಿಡುವುದೂ ಮಾರುವವರ ಹೊಣೆಯೇ.

ನಮ್ಮ ಊರಿನ ರೈತನು ತನ್ನ ಜಮೀನಿನ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು; ದಿಮ್ಮಿ ಸಾಗಿಸಲು ರಹದಾರಿ ಪತ್ರ ತೋರಿಸಬೇಕು. ಮೆಲ್ಲಗೆ ಬೆಳೆಯುವ, ಅಪಾಯಕ್ಕೊಳಗಾಗಬಹುದಾದ ಪ್ರಭೇದವೆಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಸೇರಿರುವ ಮರಕ್ಕೆ ಈ ಎಚ್ಚರ ಅಗತ್ಯವೇ. ಮರ ಬೆಳೆಸಿದವನಿಂದ ಕೇಳುವ ಕಾಗದವನ್ನು, ಅದರ ಹಲಗೆಯನ್ನು ಸಾವಿರಾರು ಡಾಲರ್‌ಗೆ ಮಾರುವವನಿಂದಲೂ ಕೇಳುವುದು ನ್ಯಾಯವಲ್ಲವೇ? ಸಂಗೀತದ ಒಲವುಳ್ಳ ನಮ್ಮ ವಿದ್ಯಾರ್ಥಿಗಳು ಮುಂದೆಂದಾದರೂ ಹಳೆಯ ವಾದ್ಯವನ್ನು ಕೊಳ್ಳುವಾಗ ಬೆಲೆ ವಿಚಾರಿಸುವ ಮೊದಲು ಮೂರು ಪ್ರಶ್ನೆ ಕೇಳಲಿ: ಇದು ಯಾವ ಮರ, ಯಾವ ವರ್ಷದ್ದು, ಅದಕ್ಕೆ ಆಧಾರವೇನು? ಉತ್ತರ ಸಿಗದಿದ್ದರೆ ಆ ವ್ಯಾಪಾರವನ್ನು ಬಿಟ್ಟುಬಿಡಲಿ.