ಸಲಹೆಗಾರನ ಸಂಭಾವನೆ ಯಾರ ಲೆಕ್ಕದಲ್ಲಿ?

ಮಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಂಥ ಊರುಗಳಲ್ಲಿ ಹಣಕಾಸು ಯೋಜನೆಯ ಸಂಸ್ಥೆಗಳು ತಮ್ಮ ನಾಮಫಲಕಗಳ ಮೇಲೆ ಬರೆಯಿಸುವ ಸೇವೆಗಳನ್ನು, ಎಂದರೆ ನಿವೃತ್ತಿಯ ಸಿದ್ಧತೆ, ಮಕ್ಕಳ ವಿದ್ಯಾಭ್ಯಾಸ, ಆದಾಯ ತೆರಿಗೆ, ವಿಮೆ, ಮ್ಯೂಚುವಲ್ ಫಂಡ್, ಉಯಿಲು ಇವೆಲ್ಲವನ್ನೂ ಓದಿದವರಿಗೆ, ಗೃಹಸ್ಥನ ಬಾಳಿನಲ್ಲಿ ಇವರ ಲೆಕ್ಕಕ್ಕೆ ಸಿಕ್ಕದ ಚಿಂತೆಯೇ ಉಳಿದಿಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಇಂಥ ಸೇವೆ ಅನಾವಶ್ಯಕವೆಂದು ಯಾರೂ ಹೇಳಲಾರರು. ಫಲಕದ ಮೇಲೆ ಕಾಣದಿರುವ ಒಂದು ಸಂಗತಿಯೇ ನನ್ನ ಆಕ್ಷೇಪಕ್ಕೆ ವಿಷಯ: ಸಲಹೆಗಾರನ ಸಂಭಾವನೆ ಯಾರಿಂದ, ಯಾವ ಮಾರ್ಗವಾಗಿ ಬರುತ್ತದೆ?

1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಮನೆಮನೆಯಿಂದ ಸಂಗ್ರಹಿಸತೊಡಗಿತಷ್ಟೆ. ಪಿಗ್ಮಿ ಸಂಗ್ರಾಹಕನಿಗೆ ಕಮಿಷನ್ ಉಂಟೆಂಬುದನ್ನು ಓಣಿಯವರೆಲ್ಲ ಬಲ್ಲರು. ತಾನು ಹಿತೋಪದೇಶ ಮಾಡುತ್ತಿರುವೆನೆಂದು ಅವನೂ ನಟಿಸಿದವನಲ್ಲ. ಇಂದಿನ ತೊಡಕು ಹುಟ್ಟುವುದು ಮಾರಾಟವೂ ಉಪದೇಶವೂ ಒಂದೇ ಕುರ್ಚಿಯಲ್ಲಿ ಕುಳಿತಾಗ.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮಾವಳಿಯನ್ನು ಜಾರಿಗೆ ತಂದು, 2020ರ ತಿದ್ದುಪಡಿಯ ಮೂಲಕ, ಒಬ್ಬನೇ ಗ್ರಾಹಕನ ವಿಷಯದಲ್ಲಿ ಸಲಹೆಯ ಶುಲ್ಕವನ್ನೂ ಹೂಡಿಕೆಯ ಮೇಲಣ ಕಮಿಷನ್ನನ್ನೂ ಏಕಕಾಲಕ್ಕೆ ಪಡೆಯಕೂಡದೆಂದು ವಿಧಿಸಿತು. ಮ್ಯೂಚುವಲ್ ಫಂಡುಗಳಲ್ಲಿ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು 2013ರ ಜನವರಿಯಿಂದಲೇ ದೊರೆಯುತ್ತಿವೆ. ಕಮಿಷನ್ ಇರುವ, ಇಲ್ಲದ ಯೋಜನೆಗಳ ಭೇದವು ಕ್ಷುಲ್ಲಕವೆನ್ನುವವರು ಒಂದು ಲೆಕ್ಕವನ್ನು ಮಾಡಿ ನೋಡಬಹುದು: ಹತ್ತು ಲಕ್ಷ ರೂಪಾಯಿ ವರ್ಷಕ್ಕೆ ಶೇ 12ರಂತೆ ಬೆಳೆದರೆ 20 ವರ್ಷಗಳಲ್ಲಿ ಸುಮಾರು 96 ಲಕ್ಷವಾಗುತ್ತದೆ, ಖರ್ಚಿನ ರೂಪದಲ್ಲಿ ಶೇ 1ರಷ್ಟು ಸೋರಿ ಬೆಳವಣಿಗೆ ಶೇ 11ಕ್ಕಿಳಿದರೆ 80 ಲಕ್ಷದ ಮೇಲೆ ಅಲ್ಪಸ್ವಲ್ಪ. ಕೈತಪ್ಪಿದ ಆ ಸುಮಾರು 16 ಲಕ್ಷಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಹಾಗೆಂದು ಕಮಿಷನ್ ಪಡೆಯುವವರೆಲ್ಲರೂ ವಂಚಕರೆಂದರೆ ಅನ್ಯಾಯವಾದೀತು. 2020ರ ಮಾರ್ಚಿನಲ್ಲಿ ಷೇರುಪೇಟೆ ಕುಸಿದಾಗ ದಿಗಿಲುಬಿದ್ದ ಗ್ರಾಹಕನಿಗೆ ‘ಈಗ ಮಾರಬೇಡಿ, ಸ್ವಲ್ಪ ತಡೆಯಿರಿ’ ಎಂದು ಧೈರ್ಯ ಹೇಳಿದ ಫಂಡು ವಿತರಕನೂ, ಯಜಮಾನ ತೀರಿಕೊಂಡ ಮನೆಗೆ ತಾನಾಗಿ ಹೋಗಿ ನಾಮಿನಿಯ ಅರ್ಜಿಯನ್ನು ತುಂಬಿಕೊಟ್ಟವನೂ ತಮ್ಮ ಪಾಲನ್ನು ನ್ಯಾಯವಾಗಿಯೇ ಗಳಿಸಿದ್ದಾರೆ. ದೋಷದಲ್ಲಿ ನಮ್ಮ ಭಾಗವೂ ಇಲ್ಲದಿಲ್ಲ. ವಕೀಲನಿಗೂ ವೈದ್ಯನಿಗೂ ಮರುಮಾತಿಲ್ಲದೆ ಫೀಸು ಕೊಡುವ ನಾವು, ಕಾಗದದ ಮೇಲೆ ಶುಲ್ಕವನ್ನು ಸ್ಪಷ್ಟವಾಗಿ ಬರೆದು ಕೇಳುವ ಸಲಹೆಗಾರನನ್ನು ದುರಾಶೆಯವನೆಂದು ಬಗೆದು, ಪುಕ್ಕಟೆ ಸಲಹೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ದೇಶದಲ್ಲೆಲ್ಲ ನೋಂದಾಯಿತ ಸಲಹೆಗಾರರ ಸಂಖ್ಯೆ ಸಾವಿರದ ಆಸುಪಾಸಿನಲ್ಲೇ ಇದ್ದು, ವಿತರಕರು ಲಕ್ಷವನ್ನು ಮೀರಿರುವುದಕ್ಕೆ ಇದೂ ಒಂದು ಕಾರಣ.

ಫಂಡಿನ ಅರ್ಜಿಗೆ ಸಹಿ ಹಾಕುವ ಮುನ್ನ ಎದುರಿಗೆ ಕುಳಿತವರ ನೋಂದಣಿ ಸಂಖ್ಯೆಯನ್ನು ಕೇಳಿರಿ. ‘ಐಎನ್‌ಎ’ ಎಂದು ಮೊದಲಾದರೆ ಅವರು ಸಲಹೆಗಾರರು, ‘ಎಆರ್‌ಎನ್’ ಎಂದಿದ್ದರೆ ವಿತರಕರು. ಎರಡೂ ಇಲ್ಲದವರ ಮುಂದೆ ಚೆಕ್ಕುಪುಸ್ತಕವನ್ನು ತೆರೆಯಬೇಡಿರಿ.