ಗ್ರಂಥಾಲಯದ ಕರವೂ ಪೌರರ ಹಕ್ಕೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಮನೆಕಂದಾಯ ಸಲ್ಲಿಸುವ ಪೌರನು ಅದರೊಡನೆ ಗ್ರಂಥಾಲಯ ಕರವನ್ನೂ ತೆರುತ್ತಾನೆ. ಕಂದಾಯದ ರೂಪಾಯಿಯೊಂದಕ್ಕೆ 6 ಪೈಸೆಯಂತೆ ಸಲ್ಲುವ ಈ ಹಣವು ಎಲ್ಲಿಗೆ ಹೋಗುತ್ತದೆಂದು ವಿಚಾರಿಸುವವರು ವಿರಳ. ಈ ಔದಾಸೀನ್ಯವೇ ನಮ್ಮ ಪುಸ್ತಕ ಭಂಡಾರಗಳ ಬಡತನಕ್ಕೆ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಪೂರ್ವದಲ್ಲಿ ವಾಚನಾಲಯಗಳು ಬಹುಮಟ್ಟಿಗೆ ದಾನಿಗಳ ಔದಾರ್ಯವನ್ನೇ ನೆಚ್ಚಿಕೊಂಡಿದ್ದುವು. ದಾನಿ ಕಣ್ಮರೆಯಾದೊಡನೆ ಬಾಗಿಲು ಮುಚ್ಚುತ್ತಿದ್ದುವು. ಶಾಸನಬದ್ಧವಾದ ವರಮಾನವಿಲ್ಲದೆ ಗ್ರಂಥಾಲಯ ಬಾಳಲಾರದೆಂದು ಎಸ್. ಆರ್. ರಂಗನಾಥನ್ ಅವರು ಎಡೆಬಿಡದೆ ಸಾರಿದರು. ಅದರ ಫಲವಾಗಿ ಮದರಾಸು ಪ್ರಾಂತದಲ್ಲಿ 1948ರಲ್ಲಿಯೂ ಮೈಸೂರು ರಾಜ್ಯದಲ್ಲಿ 1965ರಲ್ಲಿಯೂ ಗ್ರಂಥಾಲಯ ಶಾಸನಗಳಾದುವು. ನಮ್ಮ ಶಾಸನವಾದಾಗ ಮುಖ್ಯಮಂತ್ರಿಗಳಾಗಿದ್ದವರು, ಚಿತ್ರದುರ್ಗದಲ್ಲಿಯೇ ವಕೀಲಿ ನಡೆಸಿದ್ದ ಎಸ್. ನಿಜಲಿಂಗಪ್ಪನವರು. 1966ರಲ್ಲಿ ಪ್ರತ್ಯೇಕ ಇಲಾಖೆಯೂ ಏರ್ಪಟ್ಟಿತು. ಓದುವ ಸೌಕರ್ಯವು ದಾನವಾಗಿದ್ದುದು ಅಂದಿನಿಂದ ಹಕ್ಕಾಯಿತು.

ಆದರೆ ಶಾಸನದ ಬಲವಿದ್ದಲ್ಲಿಯೇ ಅದರ ದೌರ್ಬಲ್ಯವೂ ಅಡಗಿದೆ. ಕರವನ್ನು ವಸೂಲು ಮಾಡುವ ಕೈ ಸ್ಥಳೀಯ ಸಂಸ್ಥೆಯದು, ವೆಚ್ಚ ಮಾಡುವ ಕೈ ಗ್ರಂಥಾಲಯ ಪ್ರಾಧಿಕಾರದ್ದು. ಮೊದಲ ಕೈ ಹಣವನ್ನು ತಡೆಹಿಡಿದರೆ ಎರಡನೆಯದು ಬರಿದಾಗುತ್ತದೆ. ಬೆಂಗಳೂರು ಮಹಾನಗರ ಪಾಲಿಕೆಯು ನೂರಾರು ಕೋಟಿ ರೂಪಾಯಿಗಳ ಗ್ರಂಥಾಲಯ ಕರವನ್ನು ಬಾಕಿ ಉಳಿಸಿಕೊಂಡಿದ್ದುದು ಸರ್ವವಿದಿತ. ರಾಜಧಾನಿಯ ಗತಿಯೇ ಹೀಗಾದರೆ ತಾಲ್ಲೂಕು ಪಟ್ಟಣಗಳು ಎಚ್ಚರ ತಪ್ಪುವಂತಿಲ್ಲ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದುವು. ಪಟ್ಟಣಗಳಲ್ಲಿ ಮಾತ್ರ ಹಳೆಯ ಏರ್ಪಾಡೇ ನಡೆದಿದೆ.

ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆ 1907ರಲ್ಲಿ ಪೂರ್ಣವಾಯಿತು. ನಾಲೆಗೆ ನೀರನ್ನೇ ಬಿಡದಿದ್ದರೆ ಅಷ್ಟು ದೊಡ್ಡ ಕಟ್ಟೆಯಿಂದ ರೈತನಿಗೆ ಏನು ಪ್ರಯೋಜನವಾಗುತ್ತಿತ್ತು? ಖಜಾನೆಯಲ್ಲಿ ನಿಂತ ಕರವೂ ಅಂಥದೇ. ಈ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅಚ್ಚಾಗಿವೆ. ದುರ್ಗದ ಪತನವನ್ನು ಚಿತ್ರಿಸಿದ ತ. ರಾ. ಸು. ಅವರ ‘ದುರ್ಗಾಸ್ತಮಾನ’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಿದೆ. ಹೊಳಲ್ಕೆರೆಯ ಬಡ ವಿದ್ಯಾರ್ಥಿ ಇವನ್ನು ಕೊಂಡು ಓದಲಾರನು. ಅವನ ಪಾಲಿಗೆ ಊರಿನ ಶಾಖಾ ಗ್ರಂಥಾಲಯವೇ ವಿದ್ಯಾಪೀಠ.

ಆದುದರಿಂದ ಪೌರರು ಕೇಳಬೇಕಾದುದು ಇಷ್ಟೆ: ವರ್ಷದಲ್ಲಿ ವಸೂಲಾದ ಕರವೆಷ್ಟು, ಪ್ರಾಧಿಕಾರಕ್ಕೆ ಸಂದದ್ದೆಷ್ಟು, ಅದರಲ್ಲಿ ಗ್ರಂಥಗಳಿಗೆ ವೆಚ್ಚವಾದದ್ದೆಷ್ಟು? ಈ ಮೂರು ಅಂಕಿಗಳನ್ನು ಪ್ರತಿ ಗ್ರಂಥಾಲಯದ ಬಾಗಿಲಲ್ಲಿಯೂ ಬರೆದು ತೂಗುಹಾಕಲಿ. ಇದು ಅಧಿಕಾರಿಗಳ ಮೇಲಿನ ಆಕ್ಷೇಪಣೆಯಲ್ಲ. ತೆತ್ತವನು ಲೆಕ್ಕ ಕೇಳುವುದು ಪೌರಧರ್ಮ, ಲೆಕ್ಕವನ್ನೊಪ್ಪಿಸುವುದು ರಾಜಧರ್ಮ.