ಕೊಬ್ಬರಿಗೆ ಬೆಂಬಲ ಬೆಲೆ, ನರ್ಸಮ್ಮನಿಗೆ?

ಕಳೆದ ವಾರ ತುರುವೇಕೆರೆ ಕಡೆಯ ತಾಯಿಯೊಬ್ಬರು ಬಿ.ಪಿ. ತೋರಿಸಿಕೊಳ್ಳಲು ಬಂದಿದ್ದರು. ಚೀಟಿ ಬರೆದುಕೊಟ್ಟರೂ ಏಳಲಿಲ್ಲ. ‘ಮಗಳು ಪಿಯುಸಿ ಮುಗಿಸವ್ಳೆ ಸಾರ್. ನರ್ಸಿಂಗ್‌ಗೆ ಸೇರಿಸಿದ್ರೆ ಶುರುವಿಗೆ ಸಂಬಳ ಎಷ್ಟು ಕೊಡ್ತಾರೆ?’ ಎಂದರು. ಅಟ್ಟದ ಮೇಲಿನ ಕೊಬ್ಬರಿ ಮಾರಿ ಫೀಜು ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ.

ಎ.ಎನ್.ಎಂ. ಎರಡು ವರ್ಷದ ಓದು, ಜಿ.ಎನ್.ಎಂ. ಮೂರು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು. ಎ.ಎನ್.ಎಂ. ಆದವರಿಗೆ ಸರ್ಕಾರದಲ್ಲಿರುವ ಮುಖ್ಯ ದಾರಿ ಹಳ್ಳಿಯ ಉಪಕೇಂದ್ರ. ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರವೆಂಬ ಲೆಕ್ಕವಿದೆ. ಲಸಿಕೆ, ಗರ್ಭಿಣಿಯರ ತಪಾಸಣೆ ಅಲ್ಲಿನ ಕೆಲಸ. ಆದರೆ ಖಾಯಂ ನೇಮಕಾತಿ ಆಗೊಮ್ಮೆ ಈಗೊಮ್ಮೆ. ನಡುವೆ ಸಿಗುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಕೆಲಸ. ಹೀಗಾಗಿ ಅನೇಕರ ಮೊದಲ ಕೆಲಸ ಖಾಸಗಿ ನರ್ಸಿಂಗ್ ಹೋಂನಲ್ಲೇ.

ಅಲ್ಲಿನ ಸಂಬಳಕ್ಕೆ ಅಳತೆಗೋಲು ಇಲ್ಲದಿಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ನೇಮಿಸಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಸಮಿತಿ ಹೇಳಿತು. ಕೇರಳ ಸರ್ಕಾರ 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿಯನ್ನು ಕನಿಷ್ಠ ವೇತನವೆಂದು ಅಧಿಸೂಚನೆ ಹೊರಡಿಸಿತು. ಅಲ್ಲಿನ ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ ಬಂದ ಫಲ ಅದು. ನಮ್ಮ ಕಡೆ ಇದರ ಅರ್ಧಕ್ಕೆ ರಾತ್ರಿ ಪಾಳಿ ಮಾಡುವ ಹುಡುಗಿಯರನ್ನು ನಾನು ಬಲ್ಲೆ.

ಆರೋಗ್ಯದ ಅಂಕಣದಲ್ಲಿ ಸಂಬಳದ ಮಾತೇಕೆ ಎನ್ನಬಹುದು. ಸಂಬಳ ಸಾಲದವಳು ಎರಡು ಪಾಳಿ ಮಾಡುತ್ತಾಳೆ. ನಿದ್ದೆಗಣ್ಣಿನಲ್ಲಿ ಇನ್ಸುಲಿನ್ ಅಳತೆ ತಪ್ಪಿದರೆ ಅನುಭವಿಸುವವರು ನೀವು. ತಪ್ಪೊಪ್ಪಿಕೊಳ್ಳಬೇಕಾದವರು ನಾವು ವೈದ್ಯರೂ ಹೌದು. ತರಬೇತಾದವಳಿಗೆ ಸಂಬಳ ಕೊಡಲು ಹಿಂಜರಿದು, ಓದದ ಹುಡುಗಿಗೆ ಬಿಳಿ ಬಟ್ಟೆ ತೊಡಿಸಿ ಇಂಜೆಕ್ಷನ್ ಕೊಡಿಸುವವರು ನಮ್ಮಲ್ಲಿದ್ದಾರೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಆದರೆ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಓದಿಸಿ. ಕಾಲೇಜಿಗೆ ಮಾನ್ಯತೆ ಇದೆಯೇ ವಿಚಾರಿಸಿ. ಓದು ಮುಗಿದೊಡನೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಮೊದಲ ಕೆಲಸ 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿರಲಿ. ಜಿ.ಎನ್.ಎಂ. ಆದವರು ಏಮ್ಸ್‌ನ ನೇಮಕಾತಿ ಪರೀಕ್ಷೆ ಬರೆಯಲು ಅಂಥ ಕಡೆ ಎರಡು ವರ್ಷ ದುಡಿದ ಅನುಭವ ಬೇಕು. 7ನೇ ವೇತನ ಆಯೋಗದಂತೆ ಅಲ್ಲಿ ಆರಂಭದ ಮೂಲ ವೇತನವೇ 44,900 ರೂಪಾಯಿ. ನೇಮಕಾತಿ ಪತ್ರ, ಅನುಭವ ಪತ್ರ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ಯಾರ ಬೀರುವಿನಲ್ಲೂ ಒತ್ತೆಯಿಡಬೇಡಿ. ಬೆಂಗಳೂರಿನಲ್ಲಿ ಹೆಚ್ಚು ಕೊಡುತ್ತಾರೆಂದು ಹೊರಡುವ ಮುನ್ನ ರೂಮಿನ ಬಾಡಿಗೆ, ಊಟದ ಖರ್ಚು ಕಳೆದು ನೋಡಿ.

ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಕೊಬ್ಬರಿ ಅಟ್ಟದಲ್ಲಿ ಒಣಗಲು ಹೆಚ್ಚೆಂದರೆ ಒಂದು ವರ್ಷ ಸಾಕು. ನರ್ಸ್ ತಯಾರಾಗಲು ಮೂರು ವರ್ಷ ಬೇಕು. ಬೆಂಬಲ ಬೆಲೆಗಾಗಿ ಧರಣಿ ಕೂರುವ ನಮ್ಮ ಸೀಮೆಯ ಜನ, ತಮ್ಮ ಮನೆ ಹೆಣ್ಣುಮಕ್ಕಳ ದುಡಿಮೆಗೂ ಒಂದು ಕನಿಷ್ಠ ಬೆಲೆ ಕೇಳಬೇಕು. ಕೊಡಬೇಕಾದವರಲ್ಲಿ ನಾವು ವೈದ್ಯರೇ ಮೊದಲಿಗರು.